ಕ್ಲಮೈಡಿಯಾ ಇಮ್ಯೂನಿಟಿ ಸ್ಟಡಿ ಮಾಡೋರಿಗೆ: ಇಲಿ ತರಸೂ ಮೊದಲ ಇದನ್ನ ಓದ್ರಿ

ಮೊನ್ನೆ ವಿಜಯಪುರದಿಂದ ಜೂನಿಯರ್ ಒಬ್ಬಾಕಿ ಫೋನ್ ಮಾಡಿ "ಅಕ್ಕಾ, ಎಷ್ಟು ಇಲಿ ತರಸ್ಲಿ?" ಅಂದ್ಲು. ನಿನ್ನ ಪ್ರಶ್ನೆ ಏನವಾ ಅಂತ ಕೇಳಿದ್ರ ಸುಮ್ಮನಾದ್ಲು. ನಾನೂ ಬೆಳಗಾವ್ಯಾಗ ಮೊದಲ್ನೇ ವರ್ಷ ಹಿಂಗ ಮಾಡಿದ್ದೆ, ಇಲಿ ಮೊದಲ ಬಂದ್ವು, ಪ್ರಶ್ನೆ ಆಮ್ಯಾಲ ಹುಡುಕಿದ್ದು.

ಕ್ಲಮೈಡಿಯಾ ಅಂದ್ರ ಲೈಂಗಿಕ ಸಂಪರ್ಕದಿಂದ ಹತ್ತೋ ಬ್ಯಾಕ್ಟೀರಿಯಾ. ದೇಹದ ಯಾವ ಸೆಲ್ ಈ ರೋಗಾಣುನ ಓಡಸ್ತೈತಿ, ಎರಡ್ನೇ ಸಲ ಬಂದ್ರ ದೇಹಕ್ಕ ನೆನಪಿರ್ತೈತೇನು ಅನ್ನೂದು ನಿಮ್ಮ ಪ್ರಶ್ನೆ ಆಗಿದ್ರ ಸಣ್ಣ ಇಲಿನ (ಮೌಸ್) ಸಾಕು, ಜೋಡಿಗೆ ಕ್ಲಮೈಡಿಯಾ ಮ್ಯೂರಿಡೇರಮ್. ಇದು ಇಲಿದ ಸ್ವಂತ ಕ್ಲಮೈಡಿಯಾ, 1942ರಾಗ ಕ್ಲಾರಾ ನಿಗ್ ಅವರು ಇಲಿ ಶ್ವಾಸಕೋಶದಿಂದ ತಗದದ್ದು. ಮನಷ್ಯಾರಿಗೆ ಹತ್ತೋ ಕ್ಲಮೈಡಿಯಾ ಟ್ರಾಕೊಮಾಟಿಸ್ ಯಾಕ ಹಾಕಬಾರ್ದು ಅಂತ ಎಲ್ಲಾರೂ ಕೇಳ್ತಾರ. ಹಾಕಬಹುದು, ಆದ್ರ ಇಲಿ ಅದನ್ನ ಲಗೂನ ತೊಳದ ಹಾಕ್ತೈತಿ. ಇಂಟರ್‌ಫೆರಾನ್ ಗಾಮಾ (ರೋಗದ ವಿರುದ್ಧ ಎಚ್ಚರಿಸೋ ಸಂಕೇತ ಪ್ರೋಟೀನ್) ಬಂತಂದ್ರ ಮನಷ್ಯಾನ ಸೆಲ್ ರೋಗಾಣುಗೆ ಬೇಕಾದ ಟ್ರಿಪ್ಟೊಫಾನ್ ಅನ್ನೋ ಅಮೈನೊ ಆಮ್ಲ ಖಾಲಿ ಮಾಡಿ ರೋಗಾಣುನ ಉಪವಾಸ ಕೆಡವ್ತೈತಿ, ಜನನಾಂಗಕ್ಕ ಹತ್ತೋ ಟ್ರಾಕೊಮಾಟಿಸ್ ಇಂಡೋಲ್ ಅನ್ನೋ ರಾಸಾಯನಿಕ ಸಿಕ್ರ ಅದರಿಂದ ಟ್ರಿಪ್ಟೊಫಾನ್ ತಾನ ಮಾಡ್ಕೊಂಡು ಬದಕ್ತೈತಿ. ಇಲಿ ಸೆಲ್ ಮಾತ್ರ ಬ್ಯಾರೆ ಪ್ರೋಟೀನ್ ಹಚ್ಚಿ ಹೊಡಿತೈತಿ, ಆ ಏಟು ಮ್ಯೂರಿಡೇರಮ್ ತಡಕೋತೈತಿ, ಟ್ರಾಕೊಮಾಟಿಸ್ ತಡಕೊಳ್ಳಂಗಿಲ್ಲ. ಅಂದ್ರ ಇಲಿಯೊಳಗ ಸಿಕ್ಕ ಉತ್ತರಾನ ಹೆಣ್ಮಕ್ಕಳಿಗೆ ಹಂಗ ಅಂಟಸಾಕ ಬರೂದಿಲ್ಲ, ಥೀಸಿಸ್‌ನ್ಯಾಗ ಜ್ವಾಕಿಯಿಂದ ಬರೀರಿ.

ಗಂಡಿನಿಂದ ಹೆಣ್ಣಿಗೆ ಹೆಂಗ ಹತ್ತತೈತಿ ಅನ್ನೂದು ಬೇಕಂದ್ರ ಗಿನಿಪಿಗ್, ಅದಕ್ಕ ಕ್ಲಮೈಡಿಯಾ ಕೇವಿಯೆ, ಅದರೊಳಗ ಆಂಟಿಬಾಡಿ ಪಾತ್ರ ಇಲಿಗಿಂತ ದೊಡ್ಡದು. ಮುಟ್ಟು ಆಗೋ ಪ್ರಾಣಿನ ಬೇಕಂದ್ರ ಮಕಾಕ್ ಮಂಗ್ಯಾ, ಅದು ನಮ್ಮಂಥೋರ ಕೈಗೆ ಸಿಗೂ ಮಾತಲ್ಲ.

ಐಎಇಸಿ (ಸಂಸ್ಥೆಯ ಪ್ರಾಣಿ ಪ್ರಯೋಗ ನೈತಿಕ ಸಮಿತಿ) ಒಪ್ಪಿಗಿ ಇಲ್ಲದ ಒಂದು ಇಲಿನೂ ಮುಟ್ಟಬ್ಯಾಡ್ರಿ. ಆ ಒಪ್ಪಿಗಿ ಅರ್ಜಿ ಫಾರ್ಮ್ ಬಿ ಒಳಗ ಎಷ್ಟು ಇಲಿ, ಯಾಕ ಅಷ್ಟ, ಎಲ್ಲಾ ಲೆಕ್ಕ ಕೊಡಬೇಕು. ಕೆಲಸ ಬಿಎಸ್‌ಎಲ್-2 (ಜೈವಿಕ ಸುರಕ್ಷತೆ ಎರಡ್ನೇ ಹಂತದ) ಲ್ಯಾಬ್‌ನ್ಯಾಗ.

ಇಲಿ ಬೆಂಗಳೂರಿಂದ ರಾತ್ರಿಪೂರ್ತಿ ಗಾಡ್ಯಾಗ ಬಂದಿದ್ರ ಕಡಿಮಿ ಅಂದ್ರೂ ಒಂದು ವಾರ ಬಿಡ್ರಿ, ಬಂದ ದಿನಾನ ಸೂಜಿ ಚುಚ್ಚಬ್ಯಾಡ್ರಿ ಪಾಪ. ಬಾಗಲಕೋಟಿ ಕಡೆ ಬ್ಯಾಸಿಗ್ಯಾಗ ಎಸಿ ಹ್ವಾದ್ರ ಏನ್ಮಾಡೂದು ಅನ್ನೂದನ್ನೂ ಮೊದಲ ಯೋಚಿಸ್ರಿ. ಆಮ್ಯಾಲ ಡೆಪೋ-ಪ್ರೊವೆರಾ (ಪ್ರೊಜೆಸ್ಟಿನ್ ಹಾರ್ಮೋನ್ ಇಂಜೆಕ್ಷನ್) 2.5 ಮಿಲಿಗ್ರಾಂ ಚರ್ಮದ ಕೆಳಗ, ಇನ್‌ಫೆಕ್ಷನ್‌ಗಿಂತ 7 ದಿನ ಮೊದಲ. ಯಾಕಂದ್ರ ಇಲಿ ಬೆದಿಗೆ ಬಂದಾಗ ಯೋನಿ ಒಳಪದರ ಗಟ್ಟಿ ಆಗಿರ್ತೈತಿ, ರೋಗಾಣು ಸರಿಯಾಗಿ ಹತ್ತಂಗಿಲ್ಲ, ಈ ಹಾರ್ಮೋನ್ ಕೊಟ್ರ ಎಲ್ಲಾ ಇಲಿ ಒಂದ ಸ್ಥಿತಿಗೆ ಬರ್ತಾವು. ಆದ್ರ ಈ ಔಷಧ ಇಮ್ಯೂನಿಟಿಗೂ ಕೈ ಹಾಕ್ತೈತಿ, ಹಿಂಗಾಗಿ ಕಂಟ್ರೋಲ್ ಇಲಿಗೂ ಅದನ್ನ ಕೊಡಲೇಬೇಕು.

ಡೋಸ್ ಸುಮಾರು 1 ಲಕ್ಷ ಐಎಫ್‌ಯು (ಸೋಂಕು ಹತ್ತಿಸಬಲ್ಲ ರೋಗಾಣು ಘಟಕ), ಎಸ್‌ಪಿಜಿ ಬಫರ್ (ಸುಕ್ರೋಸ್-ಫಾಸ್ಫೇಟ್-ಗ್ಲುಟಮೇಟ್ ದ್ರಾವಣ)ನ್ಯಾಗ, ಯೋನಿಯೊಳಗ ಸಣ್ಣ ಹನಿ. ರೋಗಾಣು ಸ್ಟಾಕ್ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ್ಯಾಗ ಸಣ್ಣ ಸಣ್ಣ ವೈಲ್ ಮಾಡಿ ಇಡ್ರಿ, ಕರಗಿಸಿದ್ದನ್ನ ಮತ್ತ ಫ್ರೀಜ್ ಮಾಡಬ್ಯಾಡ್ರಿ. ನಾ ಮಾಡಿದ್ದೆ, ಉಳಸೂನು ಅಂತ, ಅರ್ಧ ಇಲಿಗೆ ಇನ್‌ಫೆಕ್ಷನ್ನ ಹತ್ತಲಿಲ್ಲ ಮತ್ತ ಎರಡು ತಿಂಗಳು ನೀರಾಗ ಹೋದ್ವು. ಕೊಟ್ಟು ಉಳಿದ ಹನಿನ ಅವತ್ತ ಟೈಟರ್ ಮಾಡಿದ್ರ (ರೋಗಾಣು ಎಣಿಸಿದ್ರ) ನಿಜವಾಗಿ ಎಷ್ಟು ಕೊಟ್ರಿ ಅಂತ ಗೊತ್ತಾಗ್ತೈತಿ.

3-4 ದಿನಕ್ಕೊಮ್ಮೆ ಯೋನಿಯಿಂದ ಸ್ವ್ಯಾಬ್ ತಗೀರಿ, ಹೀಲಾ ಇಲ್ಲಾ ಮೆಕಾಯ್ (ಲ್ಯಾಬ್‌ನ್ಯಾಗ ಬೆಳಸೋ ಸೆಲ್ ತಳಿಗಳು) ಸೆಲ್ ಮ್ಯಾಲ ಹಾಕಿ ಸೆಂಟ್ರಿಫ್ಯೂಜ್ ಮಾಡ್ರಿ, ಸೈಕ್ಲೊಹೆಕ್ಸಿಮೈಡ್ (ಸೆಲ್‌ನ ಪ್ರೋಟೀನ್ ತಯಾರಿ ತಡಿಯೋ ಔಷಧ) ಇರೋ ಮೀಡಿಯಾ ಕೊಡ್ರಿ, ಮರುದಿನ ಫಿಕ್ಸ್ ಮಾಡಿ ಫ್ಲೋರೊಸೆಂಟ್ ಆಂಟಿಬಾಡಿ ಹಚ್ಚಿ ಇನ್‌ಕ್ಲೂಜನ್ (ಸೆಲ್ ಒಳಗಿನ ರೋಗಾಣು ಗುಂಪು) ಎಣಿಸ್ರಿ. ಮೊದಲ್ನೇ ವಾರ ಲೆಕ್ಕ ಮ್ಯಾಲಿರ್ತೈತಿ, ಸುಮಾರು 4 ವಾರದಾಗ ಸೊನ್ನೆಗೆ ಬರ್ತೈತಿ. ಬರ್ಲಿಲ್ಲಂದ್ರ ಅದ ನಿಮ್ಮ ಸುದ್ದಿ. ಸಿಡಿ4 ಟಿ ಸೆಲ್ (ಇಮ್ಯೂನಿಟಿ ನಡಸೋ ಬಿಳಿ ರಕ್ತಕಣ) ಕೆಲಸ ಮಾಡಾಕ ದಾರಿ ಇಲ್ಲದ ನಾಕೌಟ್ (ಜೀನ್ ತಗದ) ಇಲಿಗೆ ಈ ಇನ್‌ಫೆಕ್ಷನ್ ಹೋಗೂದ ಇಲ್ಲ, ಆಂಟಿಬಾಡಿ ಮಾಡೋ ಬಿ ಸೆಲ್ ಇಲ್ಲದ ಇಲಿ ಮೊದಲ್ನೇ ಸಲ ತೊಳಕೋತೈತಿ. ಅದನ್ನ ನೋಡಿ ಆಂಟಿಬಾಡಿ ದಂಡ ಅಂದ್ಕೊಂಡ್ರ ತಪ್ಪು, ಎರಡ್ನೇ ಇನ್‌ಫೆಕ್ಷನ್ ಕೊಟ್ಟಾಗ ಅದರ ಕೆಲಸ ಕಾಣ್ತೈತಿ. ಅದಕ್ಕ ಪೂರ್ತಿ ವಾಸಿ ಆದ ಇಲಿಗಳಿಗೆ ಮತ್ತೊಮ್ಮೆ ಇನ್‌ಫೆಕ್ಷನ್ ಕೊಡೂ ಗ್ರೂಪ್ ಬೇಕ ಬೇಕು.

ಸ್ವ್ಯಾಬ್ ಸೊನ್ನೆ ಬಂತಂತ ಖುಷಿ ಆಗಿ ಅಲ್ಲಿಗ ಮುಗಸ್ಬ್ಯಾಡ್ರಿ. ಕೆಳಗ ರೋಗಾಣು ಹೋದ್ರೂ ಮ್ಯಾಲ ಗರ್ಭನಾಳ ನೀರು ತುಂಬಿ ಬಲೂನಿನಂಗ ಉಬ್ಬಿರಬಹುದು, ಬಂಜೆತನ ಬರೂದು ಅಲ್ಲಿಂದ. ಇನ್‌ಫೆಕ್ಷನ್ ಕೊಟ್ಟ ಸುಮಾರು 60ನೇ ದಿನಕ್ಕ ಗರ್ಭನಾಳ ತಗದು ನೋಡ್ರಿ, ಎಡ-ಬಲ ಎರಡೂ ಬ್ಯಾರೆ ಬ್ಯಾರೆ ಬರಕೋರಿ. ಸಿ3ಎಚ್ ತಳಿ ಇಲಿಗಳಿಗೆ ಸಿ57ಬ್ಲ್ಯಾಕ್6 ತಳಿಗಿಂತ ಹೆಚ್ಚು ಕಾಯ್ಲೆ ಆಗ್ತೈತಿ. ನೋಡಾಕ ಕುಂಡ್ರೂ ಮುಂದ ಯಾವ ಇಲಿ ಯಾವ ಗ್ರೂಪ್ ಅಂತ ನಿಮಗ ಗೊತ್ತಿರಬಾರ್ದು, ಪಕ್ಕದ ಲ್ಯಾಬಿನೋರಿಗೆ ಒಂದು ಚಾ ಕುಡಿಸಿ ಕೋಡ್ ಹಚ್ಚಸ್ರಿ.