ಮಚ್ಚು, ಚಾಕು ಮನೆಗೆ ತರುವಾಗ: ಕಟ್ಟುವ ಬಗೆ, ಕಾನೂನಿನ ಮಿತಿ

ಸಂತೆಯಲ್ಲಿ ಎಳನೀರು ಕೆತ್ತುವ ಮಚ್ಚು ಕೊಂಡು, ಹಾಗೇ ಕೈಯಲ್ಲಿ ಹಿಡಿದು ಬೈಕಿನ ಹಿಂದೆ ಕೂತು ಹೋಗುವವರು ಈಗಲೂ ಇದ್ದಾರೆ. ಊರ ದಾರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಚ್ಚು ನಡುರಾತ್ರಿ ನಗರದ ನಾಕಾಬಂದಿಯಲ್ಲಿ ಸ್ಕೂಟರ್ ಸೀಟಿನ ಕೆಳಗೆ ಸಿಕ್ಕರೆ ಠಾಣೆಗೆ ಹೋಗಿ ಉತ್ತರ ಹೇಳಬೇಕಾಗುತ್ತದೆ. ಕೆಲಸದ ಹತಾರ ಕೆಲಸದ ಹತಾರದಂತೆಯೇ ಕಾಣುವ ಹಾಗೆ ಒಯ್ಯುವುದು ಹೇಗೆ ಎಂಬುದನ್ನು ನೋಡೋಣ.

1. ಕೊಳ್ಳುವಾಗಲೇ ಅಳೆಯಿರಿ

1959ರ ಶಸ್ತ್ರಾಸ್ತ್ರ ಕಾಯ್ದೆ, ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದು ತಯಾರಾದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕುಡುಗೋಲು, ಈಳಿಗೆಮಣೆ, ಅಡುಗೆ ಚಾಕುಗಳಿಗೆ ಇರುವ ರಕ್ಷಣೆ ಇದೇ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಚಾಕುಗಳೂ ಬರುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಯವಕ್ಕೆ ಅಲ್ಲಿಯೂ ವಿನಾಯಿತಿ ಇದೆ. ಅಳತೆ ಹಿಡಿಯದ್ದಲ್ಲ, ಅಲಗಿನದು: ಹಿಡಿ ಮುಗಿದಲ್ಲಿಂದ ತುದಿಯವರೆಗೆ ಉದ್ದ, ಅತಿ ಅಗಲವಾದ ಜಾಗದಲ್ಲಿ ಅಗಲ. ಮನೆ ಅಡುಗೆಗೆ 8 ಇಂಚಿನ ಚಾಕು ಧಾರಾಳ. 10 ಇಂಚಿನದು ಬೇಡ. ಅಡುಗೆಮನೆಯಲ್ಲಿ ಅದರಿಂದ ಹೆಚ್ಚುವರಿ ಲಾಭವೂ ಇಲ್ಲ.

ಮಚ್ಚಿನ ಅಲಗು ಸಾಮಾನ್ಯವಾಗಿ ಈ ಮಿತಿಯನ್ನು ದಾಟುತ್ತದೆ. ಅದನ್ನು ಕಾಯುವುದು ಬೇಸಾಯದ ಹತಾರ ಎಂಬ ಗುರುತು ಮಾತ್ರ. ಹಾಗಾಗಿ ಅದರ ರೂಪ ಕೆಡಿಸಬೇಡಿ. ಹಿಡಿಗೆ ಉದ್ದದ ಪೈಪ್ ವೆಲ್ಡ್ ಮಾಡಿಸುವುದು, ಬೆನ್ನಿಗೂ ಸಾಣೆ ಹಿಡಿಸುವುದು, ತುದಿಯನ್ನು ಚೂಪು ಮಾಡಿಸುವುದು ಇವೆಲ್ಲ ಹತಾರವನ್ನು ಆಯುಧವಾಗಿ ಮಾರ್ಪಡಿಸಿದಂತೆ. ಕಾಯ್ದೆಯ ವ್ಯಾಖ್ಯೆ ಮಾರ್ಪಡಿಸಿದ್ದನ್ನೂ ಹಿಡಿಯುತ್ತದೆ. ಆನ್‌ಲೈನ್‌ನಲ್ಲಿ ‘ಟ್ಯಾಕ್ಟಿಕಲ್’ ಎಂದು ಮಾರುವ ಗುಂಡಿ ಒತ್ತಿದರೆ ಚಿಮ್ಮುವ ಚಾಕು, ಕ್ರೆಡಿಟ್ ಕಾರ್ಡಿನಂತೆ ಮಡಚುವ ಚಾಕು, ಬೆರಳಿಗೆ ಹಾಕುವ ಪಂಚ್ ಇವನ್ನು ಕೊಳ್ಳಲೇಬೇಡಿ. ಈರುಳ್ಳಿ ಹೆಚ್ಚಲೂ ಬಾರದ ಈ ವಸ್ತುಗಳಿಗೆ ಪೊಲೀಸರ ಮುಂದೆ ಹೇಳಲು ನಿಮ್ಮ ಬಳಿ ಕಾರಣವೇ ಇರುವುದಿಲ್ಲ. ಕೊರಿಯರ್‌ನವರು ಮನೆಗೆ ತಂದುಕೊಟ್ಟರು ಎಂದ ಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ.

2. ಬಿಲ್ ಕೇಳಿ

ಸಂತೆಯ ಕುಲುಮೆಯವರಾದರೆ ಚೀಟಿಯಲ್ಲಿ ವಸ್ತು, ದರ, ತಾರೀಖು ಬರೆಸಿಕೊಳ್ಳಿ.

3. ಕಟ್ಟುವುದು: ಎಡವುವುದೆಲ್ಲ ಇಲ್ಲೇ

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಹತ್ತು ನಿಮಿಷದ ಕುಲುಕಾಟಕ್ಕೆ ಅಲಗು ಅದನ್ನು ಸೀಳಿ ಹೊರಬರುತ್ತದೆ. ಬರೀ ಸೆಲ್ಲೋಟೇಪ್ ಸುತ್ತಿದರೆ ಅಲಗಿಗೆ ಹಚ್ಚಿದ ಎಣ್ಣೆಗೆ ಅದು ಹಿಡಿಯುವುದಿಲ್ಲ. ಅಗ್ಗದ ಮಚ್ಚಿನ ಜೊತೆ ಬರುವ ಪ್ಲಾಸ್ಟಿಕ್ ಒರೆಯ ಗುಂಡಿಯೂ ಬೇಗ ಸಡಿಲವಾಗುತ್ತದೆ.

ಅಂಗಡಿಯಲ್ಲೇ ಎಣ್ಣೆ ಒರೆಸಿಬಿಡಿ. ತೋಟಕ್ಕೆ ನೀರು ಬಿಡುವ ಅರ್ಧ ಇಂಚಿನ ಹಳೆಯ ಹೋಸ್ ಪೈಪನ್ನು ಅಲಗಿಗಿಂತ ಎರಡು ಬೆರಳು ಉದ್ದವಾಗಿ ಕತ್ತರಿಸಿ, ಒಂದು ಬದಿಯನ್ನು ಉದ್ದಕ್ಕೂ ಸೀಳಿ, ಅಲಗಿನ ಹರಿತವಾದ ಬಾಯಿಯ ಮೇಲೆ ಕೂರಿಸಿ. ಮಿಕ್ಕ ತುದಿಯನ್ನು ಮೂತಿಯ ಮೇಲೆ ಮಡಚಿ. ಪೈಪ್ ಇಲ್ಲವೆಂದರೆ ರಟ್ಟನ್ನು ಎರಡು ಪದರ ಮಡಚಿ ಹಾಕಿದರೂ ನಡೆಯುತ್ತದೆ. ಅದರ ಮೇಲೆ ನಾಲ್ಕೈದು ಹಾಳೆ ಪೇಪರ್ ಸುತ್ತಿ, ಹುರಿಯಿಂದ ಮೂರು ಕಡೆ ಕಟ್ಟಿ: ಹಿಡಿಯ ಬುಡ, ನಡು, ತುದಿ. ಸರಗಂಟು ಬೇಡ, ಬಿಚ್ಚಲು ಕತ್ತರಿಯೇ ಬೇಕಾಗುವಂಥ ಗಂಟು ಹಾಕಿ. ತಟ್ಟನೆ ಹಿರಿಯಲಾಗದ ಕಟ್ಟು ನೋಡಿದರೆ ಇದು ಮನೆಗೆ ಹೋಗುತ್ತಿರುವ ಸಾಮಾನು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಕಟ್ಟನ್ನು ಗೋಣಿಚೀಲದಲ್ಲಿ ಹಾಕಿ, ಬಿಲ್ಲನ್ನೂ ಅದರಲ್ಲೇ ಇಡಿ. ಕಾರಿನಲ್ಲಾದರೆ ಡಿಕ್ಕಿಯಲ್ಲಿ, ಬೇರೆ ಸಾಮಾನಿನ ಅಡಿ. ಚಾಲಕನ ಸೀಟಿನ ಕೆಳಗೆ, ಬಾಗಿಲ ಜೇಬಿನಲ್ಲಿ, ಬೈಕಿನ ಟ್ಯಾಂಕ್ ಕವರಿನಲ್ಲಿ, ಸೊಂಟದಲ್ಲಿ ಎಂದಿಗೂ ಬೇಡ. ಕೈಗೆ ಎಟಕುವ ಜಾಗ ಎಂದರೆ ಅನುಮಾನಕ್ಕೆ ಅಷ್ಟೇ ಸಾಕು. ಮನೆ ತಲುಪಿದ ದಿನವೇ ಇಳಿಸಿ. ‘ಇರಲಿ’ ಎಂದು ವಾರಗಟ್ಟಲೆ ಗಾಡಿಯಲ್ಲೇ ಬಿಟ್ಟ ಮಚ್ಚಿಗೆ ಯಾವ ಬಿಲ್ಲೂ ನೆರವಾಗದು.

4. ನಿಷೇಧಾಜ್ಞೆ ಇದೆಯೇ ನೋಡಿ

ಚುನಾವಣೆ, ಗಣೇಶ ವಿಸರ್ಜನೆ, ಗಲಭೆಯ ಸಂದರ್ಭಗಳಲ್ಲಿ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿ ನಿಷೇಧಾಜ್ಞೆ ಹೊರಡಿಸುತ್ತಾರೆ. ಹಿಂದೆ ಸೆಕ್ಷನ್ 144 ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಇಂಥ ಆದೇಶ ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ರಾಜ್ಯ ಸರ್ಕಾರ ಬೇಕಾದರೆ ವಿಸ್ತರಿಸಬಹುದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂನಡಿಯೂ ದೊಣ್ಣೆ, ಚಾಕು ಒಯ್ಯುವುದನ್ನು ತಡೆಯುವ ಅಧಿಕಾರವಿದೆ. ದೈಹಿಕ ಹಿಂಸೆಗೆ ಬಳಸಬಹುದಾದ ಯಾವ ವಸ್ತುವನ್ನೂ ಇದರಲ್ಲಿ ಸೇರಿಸಬಹುದಾದ್ದರಿಂದ, ಅಡುಗೆಯದು, ತೋಟದ್ದು ಎಂಬ ಮೊದಲ ಹಂತದ ಸಮಾಧಾನ ಇಲ್ಲಿ ಕೈಹಿಡಿಯುತ್ತದೆ ಎಂದು ನಂಬಬೇಡಿ. ಆ ದಿನಗಳಲ್ಲಿ ಖರೀದಿಯನ್ನೇ ಮುಂದೂಡಿ.

ಆಯುಧಪೂಜೆಗೆ ಹತಾರಗಳನ್ನು ಮನೆಯಲ್ಲೇ ಪೂಜಿಸಿ, ಬೀದಿಯಲ್ಲಿ ಝಳಪಿಸುವುದು ಬೇಡ. ರೀಲ್ಸ್ ಅಂತೂ ಬೇಡವೇ ಬೇಡ. 2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಟಿವಿ ಶೋ ಸ್ಪರ್ಧಿಗಳನ್ನು ಬೆಂಗಳೂರು ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿಸಿದ್ದರು.

ವಿನಾಯಿತಿಗಳು ಅವರವರಿಗಷ್ಟೇ. ಸಿಖ್ಖರ ಕಿರ್ಪಾನಿಗೆ ಸಂವಿಧಾನದ 25ನೇ ವಿಧಿಯ ರಕ್ಷಣೆ ಇದೆ. ಕೊಡವರು ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ತೋರಿಸಿ ಬೇರೆಯವರು ವಾದಿಸಲಾಗದು.

5. ತಡೆದು ಕೇಳಿದರೆ

ತಪಾಸಣೆಗೆ ಮುಂಚೆಯೇ ಹೇಳಿ: ‘ಡಿಕ್ಕಿಯಲ್ಲಿ ಕಟ್ಟಿದ ಮಚ್ಚು ಇದೆ, ತೋಟಕ್ಕೆ ತಂದದ್ದು, ಬಿಲ್ ಅದರಲ್ಲೇ ಇದೆ.’ ನೀವಾಗಿ ಕೈ ಹಾಕಿ ತೆಗೆಯಬೇಡಿ, ಅವರೇ ತೆಗೆಯಲಿ. ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಎಂಬ ಮಾತು ಬಾಯಿಗೆ ಬಂದರೆ ಹತಾರವನ್ನು ನೀವೇ ಆಯುಧ ಎಂದಂತಾಗುತ್ತದೆ. ವಶಪಡಿಸಿಕೊಂಡರೆ ಜಗಳ ಬೇಡ, ಮಹಜರಿನ (ಜಪ್ತಿಯ ಲಿಖಿತ ದಾಖಲೆಯ) ಪ್ರತಿ ಕೇಳಿ. ಶೋಧ ಮತ್ತು ಜಪ್ತಿಯ ವಿಡಿಯೊ ದಾಖಲೆ ಆಗಬೇಕೆಂದು ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ.

6. ರೈಲು, ವಿಮಾನ

ರೈಲಿನಲ್ಲಿ ಕಳೆ ಕೊಚ್ಚುವ ಯಂತ್ರ ಒಯ್ಯುವುದಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಸಿಲಿಂಡರ್, ಸೀಮೆಎಣ್ಣೆ, ಪಟಾಕಿ ಕೂಡದು. 1989ರ ರೈಲ್ವೆ ಕಾಯ್ದೆಯ 164ನೇ ಕಲಂನಡಿ ಮೂರು ವರ್ಷದವರೆಗೆ ಜೈಲು ಆಗಬಹುದು.

ವಿಮಾನದಲ್ಲಿ ಚಾಕು ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಇದನ್ನು ತಿರುವುಮುರುವು ಮಾಡುವವರೇ ಹೆಚ್ಚು. ಲೈಟರ್ ಮನೆಯಲ್ಲೇ ಇರಲಿ. ಭದ್ರತಾ ತಪಾಸಣೆಯಲ್ಲಿ ಕೈಚೀಲದಲ್ಲಿ ಚಾಕು ಸಿಕ್ಕರೆ, ಸಮಯವಿದ್ದರೆ ಕೌಂಟರಿಗೆ ಮರಳಿ ಚೆಕ್-ಇನ್ ಮಾಡಲು ಬಿಡುವಿರಾ ಎಂದು ಕೇಳಿ. ಇಲ್ಲವೆಂದರೆ ಅಲ್ಲೇ ಬಿಟ್ಟು ಹೊರಡಿ.