ಮುಖಕ್ಕೆ ಲೇಸರ್: ಬಿಸಿಲುನಾಡಿನವರು ತಿಂಗಳು ನೋಡಿ ಹೊರಡಬೇಕು

ವೈಶಾಖದಲ್ಲಿ ಮದುವೆಯಿದೆಯೆಂದು ಮಾರ್ಚ್‌ನಲ್ಲಿ ಮುಖಕ್ಕೆ ಲೇಸರ್ ಮಾಡಿಸಿಕೊಳ್ಳಲು ಹೊರಡುವುದು ಬಳ್ಳಾರಿ, ರಾಯಚೂರು, ಕೊಪ್ಪಳದವರ ಮಟ್ಟಿಗೆ ತಪ್ಪು ಲೆಕ್ಕ. ಉಷ್ಣಾಂಶ 40 ಡಿಗ್ರಿ ದಾಟುವ ಆ ತಿಂಗಳುಗಳಲ್ಲಿ, ಆಗಷ್ಟೇ ಮಾಯುತ್ತಿರುವ ಚರ್ಮವನ್ನು ಬಿಸಿಲಿನಿಂದ ಕಾಪಾಡುವುದು ಬಹಳ ಕಷ್ಟ. ದೀಪಾವಳಿ ಮುಗಿದ ಮೇಲೆ ಆರಂಭಿಸಿ, ಶಿವರಾತ್ರಿಯ ಹೊತ್ತಿಗೆ ಮುಗಿಸುವಂತೆ ಯೋಜಿಸುವುದು ಒಳ್ಳೆಯದು.

ಲೇಸರ್ ಮುಖವನ್ನು ತೊಳೆದು ಬೆಳ್ಳಗೆ ಮಾಡುವ ಸಾಧನವಲ್ಲ. ಅದು ಅಳತೆಯಿಟ್ಟು ಮಾಡುವ ಗಾಯ. ಮೊಡವೆಯ ಗುಳಿಗಳಿಗೆ ಹೆಚ್ಚಾಗಿ ಬಳಸುವ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರಿನ 10,600 ನ್ಯಾನೋಮೀಟರ್ ತರಂಗವನ್ನು ಚರ್ಮದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಆ ಶಾಖದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಂಟಾಗಿ, ನಡುನಡುವೆ ಉಳಿದ ಆರೋಗ್ಯವಂತ ಚರ್ಮವೇ ಅವನ್ನು ಬೇಗ ಮುಚ್ಚುತ್ತದೆ. ಒಳಪದರದಲ್ಲಿ ಹೊಸ ಕೊಲಾಜನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು) ಕೂಡುವ ಕೆಲಸ ಮಾತ್ರ ಮೂರರಿಂದ ಆರು ತಿಂಗಳವರೆಗೂ ನಡೆಯುತ್ತದೆ. ಬಣ್ಣದ ಕಲೆಗಳಿಗೆ ಬಳಸುವ 1064 ನ್ಯಾನೋಮೀಟರಿನ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಬೇರೆಯದೇ ಯಂತ್ರ. ಆದ್ದರಿಂದ ‘ಲೇಸರ್ ಇದೆಯೇ’ ಎಂದು ಕೇಳಿದರೆ ಸಾಲದು, ಯಾವ ಲೇಸರ್, ಯಾವ ತೊಂದರೆಗೆ ಎಂದು ಕೇಳಬೇಕು.

ನಮ್ಮ ಕಂದು ಮೈಬಣ್ಣದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಹೆಚ್ಚು. ಸೊಳ್ಳೆ ಕಚ್ಚಿದ ಜಾಗವೂ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವ ಇಂಥ ಚರ್ಮಕ್ಕೆ ಲೇಸರಿನ ಶಾಖ ಅತಿಯಾದರೆ ಮುಖದ ತುಂಬ ಅದೇ ಕಪ್ಪು ಮೂಡುತ್ತದೆ. ಅನುಭವಿ ವೈದ್ಯರು ಶಕ್ತಿಯನ್ನೂ ರಂಧ್ರಗಳ ದಟ್ಟಣೆಯನ್ನೂ ತಗ್ಗಿಸಿ, ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಹಲವು ಸಲ ಚಿಕಿತ್ಸೆ ಕೊಡುವುದು ಈ ಕಾರಣಕ್ಕೆ. ಒಂದೇ ಸಲಕ್ಕೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ಕೇಳಿಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಮೊದಲು ರೋಗನಿರ್ಣಯವಾಗಲಿ. ಮೂರೂ ಜಿಲ್ಲಾಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಂಡು, ಅನಂತರ ಖಾಸಗಿ ಕ್ಲಿನಿಕ್ಕಿನ ಮಾತನ್ನು ಅದರೊಡನೆ ಹೋಲಿಸಬಹುದು. ಗುಳಿಗಳು, ಸಣ್ಣ ಸುಕ್ಕುಗಳು ಲೇಸರಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಕೆನ್ನೆಯ ಮೇಲಿನ ಬಂಗು ಹಾಗಲ್ಲ. ಅದು ಶಾಖಕ್ಕೆ ಕೆರಳಬಹುದು, ಹೋದದ್ದು ಮರಳಿಯೂ ಬರಬಹುದು. ಮುಲಾಮು ಮತ್ತು ಸನ್‌ಸ್ಕ್ರೀನ್‌ಗಳೇ ಅದರ ಮೊದಲ ಚಿಕಿತ್ಸೆ.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳಿವೆ: ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದ್ದು, ತುಟಿಯ ಸುತ್ತ ಆಗಾಗ ಹರ್ಪಿಸ್ ಗುಳ್ಳೆ ಏಳುವುದು, ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದದ್ದು, ಗರ್ಭಿಣಿಯಾಗಿರುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳ್ಳಗಾಗಲೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚಿದ ಸ್ಟೀರಾಯ್ಡ್ ಮುಲಾಮು. ಅದರಿಂದ ತೆಳುವಾದ ಚರ್ಮವನ್ನು ಮೊದಲು ಸುಧಾರಿಸಿಕೊಳ್ಳದೆ ಲೇಸರಿಗೆ ಒಡ್ಡಬಾರದು.

ಕ್ಲಿನಿಕ್ಕಿನಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕಾಣುವಂತೆ ಹಾಕಿದೆಯೇ, ಲೇಸರ್ ಹಿಡಿಯುವವರು ಚರ್ಮರೋಗದಲ್ಲಿ ಸ್ನಾತಕೋತ್ತರ ಓದಿದ ವೈದ್ಯರೇ ಅಥವಾ ಸಹಾಯಕರೇ ಎಂದು ವಿಚಾರಿಸಲು ಸಂಕೋಚ ಬೇಡ. ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲೋ ಪುಟ್ಟ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ವಾರ ಕಾದು, ಕಪ್ಪಾಗುತ್ತದೆಯೇ ಎಂದು ನೋಡಿದ ಮೇಲೆ ಪೂರ್ತಿ ಮುಖಕ್ಕೆ ಒಪ್ಪಿಕೊಳ್ಳಬಹುದು.

ಚಿಕಿತ್ಸೆಯ ದಿನ ಮೇಕಪ್ ಇಲ್ಲದೆ ಹೋಗಬೇಕು. ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತಾರೆ. ಕಣ್ಣಿಗೆ ರಕ್ಷಣೆ ತೊಡಿಸದೆ ಯಂತ್ರ ಶುರು ಮಾಡಲು ಬಿಡಬಾರದು. ಆಮೇಲೆ ಕೆಲವು ಗಂಟೆ ಉರಿ, ಮೂರ್ನಾಲ್ಕು ದಿನ ಕೆಂಪು, ವಾರದೊಳಗೆ ಉದುರುವ ಕಂದು ಹಕ್ಕಳೆ, ಇವು ಸಹಜ. ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು. ವೈದ್ಯರು ಹೇಳಿದ ಪೆಟ್ರೋಲಿಯಂ ಜೆಲ್ಲಿಯ ಹೊರತು ನಿಂಬೆರಸ, ಅರಿಶಿಣ, ಕಡಲೆಹಿಟ್ಟು ಏನೂ ಬೇಡ. ಮದುಮಗಳಾದರೆ ಅರಿಶಿಣ ಹಚ್ಚುವ ಶಾಸ್ತ್ರಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಕೊನೆಯ ಸಲದ ಲೇಸರ್ ಮುಗಿದಿರಬೇಕು.

ಚರ್ಮ ಮುಚ್ಚಿಕೊಂಡ ಕೂಡಲೇ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಆರಂಭವಾಗಬೇಕು. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ನಮ್ಮ ಚರ್ಮಕ್ಕೆ ಹೆಚ್ಚು ಉಪಯುಕ್ತ. ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು; ದುಪಟ್ಟಾ ಸುತ್ತಿಕೊಂಡು ಬೈಕಿನಲ್ಲಿ ಹೋದರೆ ಸಾಕೆಂಬುದು ಭ್ರಮೆ. ತೋರಣಗಲ್ಲು, ಸಂಡೂರು ಕಡೆಯ ಅದಿರಿನ ಧೂಳಿನಲ್ಲಿ ನಿತ್ಯ ಓಡಾಡುವವರು ಮೊದಲ ವಾರಕ್ಕೆ ರಜೆ ಹಾಕುವುದು ಕ್ಷೇಮ. ಕೊಪ್ಪಳದವರು ಆ ತಿಂಗಳ ಸಲದ ಲೇಸರಿಗೆ ಜನವರಿಯ ಗವಿಮಠದ ಜಾತ್ರೆ ಕಳೆದ ಮೇಲೆ ದಿನ ಗೊತ್ತುಮಾಡಿಕೊಂಡರೆ, ತೇರಿನ ದಿನ ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರುವ ಸಂಕಟ ತಪ್ಪುತ್ತದೆ.

ನೋವು ಕಡಿಮೆಯಾಗುವ ಬದಲು ದಿನೇದಿನೇ ಏರಿದರೆ, ಕೀವು, ಜ್ವರ ಅಥವಾ ಗುಂಪುಗುಂಪಾಗಿ ನೀರ್ಗುಳ್ಳೆ ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಕೆಲವು ವಾರಗಳ ನಂತರ ಕಪ್ಪು ಛಾಯೆ ಮೂಡಿದರೆ ಅಷ್ಟು ಗಾಬರಿಯಾಗಬೇಕಿಲ್ಲ. ಮುಲಾಮಿನಿಂದ ಅದು ಸಾಮಾನ್ಯವಾಗಿ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಹಣ ಮುಂಗಡ ಕಟ್ಟಿದ್ದರೂ ಅಲ್ಲಿಯವರೆಗೆ ಮುಂದಿನ ಸಲದ ಲೇಸರನ್ನು ಮುಂದೂಡಬೇಕು.