ಆರಾಧನೆಗೆ ಪರದೆ, ಧ್ವನಿವರ್ಧಕ ಮತ್ತು ನೇರಪ್ರಸಾರ: ಅಳವಡಿಸುವ ಕ್ರಮ

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಯೌವನಸ್ಥರು ಹಾಡಿನ ಸಾಲು ತೋರಿಸುವ ಪರದೆಯನ್ನೂ ಡ್ರಮ್ಸನ್ನೂ ಕೇಳಿದಾಗ ಹಿರಿಯರು ಕೀರ್ತನೆ ಪುಸ್ತಕವೇ ಸಾಕೆನ್ನುವುದುಂಟು. ಸಮಿತಿಯಲ್ಲಿ ಈ ವಾದ ಬೆಳೆಯುವ ಮೊದಲು ಒಬ್ಬರು ಎರಡು ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು, ಸಭೆಯ ಹಾಡು ಅಲ್ಲಿಗೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆಂದು ಗಮನಿಸಲಿ. ಹೊಸ ಸಾಧನ ಬಂದ ಮೇಲೆ ಆ ದನಿ ಏರಿದರೆ ಅದು ಆರಾಧನೆಗೆ ಒದಗಿತೆಂದೂ, ಜನ ಹಾಡುವುದನ್ನು ಬಿಟ್ಟು ನೋಡತೊಡಗಿದರೆ ಅದು ಮನರಂಜನೆಯಾಯಿತೆಂದೂ ತಿಳಿಯಬಹುದು. ಹೊಸತೆಂಬ ಕಾರಣಕ್ಕೇ ಯಾವುದನ್ನೂ ತಳ್ಳಿಹಾಕಬೇಕಿಲ್ಲ. ನಮ್ಮದೇ ಎನಿಸಿರುವ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯ.

ಪರದೆಯನ್ನು ಪೀಠದ ಹಿಂದೆ ಇಳಿಬಿಡದೆ ಪಕ್ಕದ ಗೋಡೆಗೆ ಹಾಕಿರಿ. ನಾನು ಕಂಡ ಒಂದು ದೇವಾಲಯದಲ್ಲಿ ಪರದೆ ಶಿಲುಬೆಯನ್ನೇ ಮರೆಮಾಡಿತ್ತು, ಅದನ್ನು ಸರಿಸಲು ಒಂದು ವರ್ಷ ಹಿಡಿಯಿತು. ಕನ್ನಡಕ್ಕೆ ಅದರದೇ ತೊಡಕುಗಳಿವೆ. ಹಳೆಯ ಕೀರ್ತನೆಗಳ ಕಡತಗಳು ಹೆಚ್ಚಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುವುದರಿಂದ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ಎಲ್ಲವನ್ನೂ ಮೊದಲು ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಯುನಿಕೋಡ್ ಲಿಪಿಸಂಕೇತಕ್ಕೆ ಪರಿವರ್ತಿಸಿ, ಪರಿವರ್ತನೆಯಲ್ಲಿ ತಪ್ಪಿದ ಅರ್ಕಾವತ್ತು, ಒತ್ತಕ್ಷರಗಳನ್ನು ಪುಸ್ತಕದೊಂದಿಗೆ ಹೋಲಿಸಿ ತಿದ್ದಬೇಕು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಅಂತರ ಬಿಡದಿದ್ದರೆ ‘ಸ್ತೋತ್ರ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಒಂದು ಪುಟಕ್ಕೆ ನಾಲ್ಕು ಸಾಲು ಸಾಕು. ಪಲ್ಲವಿಯನ್ನು ಪ್ರತಿ ಚರಣದ ನಂತರವೂ ಮತ್ತೆ ತೋರಿಸಬೇಕು, ಏಕೆಂದರೆ ಪರದೆ ನೋಡಿ ಹಾಡುವವರಿಗೆ ಪುಟ ಹಿಂದೆ ತಿರುವಲು ಬಾರದು. ಓಪನ್‌ಎಲ್‌ಪಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಒಗ್ಗುತ್ತದೆ. ಹಾಡಿನ ಹಿಂದೆ ಚಲಿಸುವ ಮೋಡ, ಜಲಪಾತಗಳನ್ನು ಮಾತ್ರ ದಯವಿಟ್ಟು ಬೇಡವೆನ್ನಿ.

ಧ್ವನಿಯ ವಿಷಯದಲ್ಲಿ ಕಟ್ಟಡವೇ ಯಜಮಾನ. 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಂಥ ಕಲ್ಲಿನ ಕಟ್ಟಡಗಳಲ್ಲಿ ದನಿ ಬಹಳ ಹೊತ್ತು ಅನುರಣಿಸುವುದರಿಂದ, ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವುದಕ್ಕಿಂತ ಉದ್ದಕ್ಕೂ ಚಿಕ್ಕವನ್ನು ಹಂಚಿ ಸಣ್ಣ ದನಿಯಲ್ಲಿ ನುಡಿಸುವುದು ಲೇಸು. ದನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರಿನಿಂದ 20 ಮೀಟರ್ ಹಿಂದಿರುವ ಸ್ಪೀಕರಿಗೆ, ಮೈಕುಗಳ ದನಿ ಬೆರೆಸುವ ಮಿಕ್ಸರಿನಲ್ಲಿ ಸುಮಾರು 60 ಮಿಲಿಸೆಕೆಂಡ್ ವಿಳಂಬ ಕೊಡದಿದ್ದರೆ ಬೋಧಕರ ಪ್ರಸಂಗ ಎರಡೆರಡು ಬಾರಿ ಕೇಳಿಸುತ್ತದೆ. ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗಳು ಒಂದರ ಹಿಂದೊಂದು ನಡೆಯುವ ಈ ಊರಿನಲ್ಲಿ, ಪ್ರತಿ ಸಭೆಯ ಧ್ವನಿ ಹೊಂದಾಣಿಕೆಯನ್ನು ಡಿಜಿಟಲ್ ಮಿಕ್ಸರಿನಲ್ಲಿ ಬೇರೆಯಾಗಿ ಉಳಿಸಿಟ್ಟರೆ ಅರ್ಧ ಜಗಳ ಮುಗಿಯಿತು. ಚಿಕ್ಕ ಸಭೆಗೆ ಡ್ರಮ್ಸಿಗಿಂತ ತಬಲವೋ, ಮೇಲೆ ಕುಳಿತು ಕೈಯಿಂದ ಬಾರಿಸುವ ಕಹೋನ್ ಪೆಟ್ಟಿಗೆಯೋ ಸಾಕು. ನೆರೆಯವರನ್ನೂ ಮರೆಯಬಾರದು: 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ ಹಾಕಿವೆ.

ನೇರಪ್ರಸಾರಕ್ಕೆ ಕೋಣೆಯ ಮೈಕ್ ಒಂದೇ ಸಾಲದು. ಮಿಕ್ಸರಿನಿಂದ ಬರುವ ದನಿಗೆ, ಸಭೆಯತ್ತ ತಿರುಗಿಸಿದ ಒಂದು ಮೈಕಿನ ದನಿಯನ್ನು ಬೆರೆಸಿದರೆ ಮನೆಯಲ್ಲಿರುವ ಅಜ್ಜಿಗೂ ತನ್ನವರೊಡನೆ ಹಾಡಿದಂತಾಗುತ್ತದೆ. ನಿಷ್ಠೆಯಿಂದ ನಡೆಸುವ ಧಾರ್ಮಿಕ ವಿಧಿಯಲ್ಲಿ ಹಾಡು ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆಯಾದರೂ, ಯೂಟ್ಯೂಬಿನ ಸ್ವಯಂಚಾಲಿತ ತಪಾಸಣೆ ಧ್ವನಿಮುದ್ರಿತ ಹಾಡನ್ನು ಗುರುತಿಸಿ ಪ್ರಸಾರವನ್ನು ತಡೆಯಬಹುದು. ಆದ್ದರಿಂದ ಸಿ.ಡಿ. ಹಾಕದೆ ನೀವೇ ಹಾಡಿರಿ. ಕರ್ತನ ಭೋಜನಕ್ಕೆ ಮೊಣಕಾಲೂರಿದವರ ಮುಖಕ್ಕೆ ಕ್ಯಾಮೆರಾ ಹತ್ತಿರ ಹೋಗಬಾರದು; ಆ ಹೊತ್ತಿನಲ್ಲಿ ಅದು ಪೀಠದ ಮೇಲೋ ಕಿಟಕಿಯ ಮೇಲೋ ನಿಂತಿರಲಿ.

ಮಳೆಗಾಲದ ಭಾನುವಾರ ಕರೆಂಟು ಹೋದೀತೆಂದು ಕಂಪ್ಯೂಟರನ್ನೂ ಮಿಕ್ಸರನ್ನೂ ಯುಪಿಎಸ್‌ಗೆ ಜೋಡಿಸಿರಿ. ಪ್ರೊಜೆಕ್ಟರ್ ಆರಿದರೆ ಆರಲಿ. ಪ್ರತಿ ಬೆಂಚಿನ ತುದಿಯಲ್ಲಿ ಎರಡು ಕೀರ್ತನೆ ಪುಸ್ತಕಗಳಿರಬೇಕು, ಹಾಡಿನ ಸಂಖ್ಯೆ ಪರದೆಯ ಮೂಲೆಯಲ್ಲಿ ಮೊದಲಿನಿಂದಲೂ ಕಾಣುತ್ತಿರಬೇಕು.